ಹ್ಯಾಂಡ್ ಬ್ರೇಕು ಯಾರ ಬಾಬತ್ತು?

ಮಗ ದೊಡ್ಡವನಾಗುವುದು ಯಾವಾಗ ಎಂಬ ಪ್ರಶ್ನೆಗೆ ಸರಕಾರ ಬಹಳ ಹಿಂದೆಯೇ ಉತ್ತರ ಕೊಟ್ಟು ಕೈತೊಳೆದುಕೊಂಡಿದೆ. ಹದಿನೆಂಟಕ್ಕೆ ಮತ ಹಾಕಬಹುದು, ವಾಹನ ಓಡಿಸಬಹುದು, ಇಪ್ಪತ್ತೊಂದಕ್ಕೆ ಮದುವೆಯಾಗಬಹುದು. ಆದರೆ ಎಷ್ಟನೆಯ ವಯಸ್ಸಿಗೆ ಅವನು ತನ್ನ ಬನಿಯನ್ನನ್ನು ತಾನೇ ಕೊಂಡುಕೊಳ್ಳಬೇಕು ಎಂಬುದನ್ನು ಮಾತ್ರ ಯಾವ ಕಾಯದೆಯೂ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲಿ ನಮ್ಮ ಕಡೆಯ ಅಪ್ಪಂದಿರೂ ಮಕ್ಕಳೂ ಎದುರುಬದುರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಕಾರವಾರದಲ್ಲಿ ಮುಂದಲೆಯ ಕೂದಲು ಹಿಂದಕ್ಕೆ ಸರಿದು, ಮೀಸೆಗೆ ಕಪ್ಪು ಹಚ್ಚಿಕೊಳ್ಳುವವನನ್ನೂ "ಅವರ ಮನೆ ಹುಡುಗ" ಎಂದೇ ಕರೆಯುತ್ತೇವೆ. ಅಪ್ಪ ಇರುವ ತನಕ ಅವನು ಹುಡುಗ, ಅಪ್ಪ ಹೋದ ಮಾರನೆಯ ದಿನ ಯಜಮಾನ. ನಡುವೆ ದೊಡ್ಡವನಾಗುವುದಕ್ಕೆ ಅಂತ ಒಂದು ಗಳಿಗೆಯೇ ಇಲ್ಲ. ಈ ಮಾತನ್ನು ನಾನು ಮೊದಲು ನಗುತ್ತ ಹೇಳುತ್ತಿದ್ದೆ. ಈಗ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದೇನೆ.

ನಾನು ಸ್ವಭಾವತಃ ಸಿಟ್ಟಿನ ಮನುಷ್ಯನಲ್ಲ. ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿ, ಆ ಶಾಸ್ತ್ರದ ಸಹವಾಸವೇ ಬೇಡವೆಂದು ಕಾರವಾರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿರುವವನು. ಸಾರಿಗೆ ಉಪ್ಪು ಮರೆತಿದ್ದರೆ ಅದು ಹೊಸ ರುಚಿ ಎಂದುಕೊಂಡು ಉಂಡು ಏಳುವ ಜಾತಿ. ಅಂಥ ನಾನು ಹೋದ ಮೇ ತಿಂಗಳಿನಿಂದ ಬಸ್ ನಿಲ್ದಾಣಕ್ಕೆ ಹೋಗಲು ಹೆದರುತ್ತೇನೆ. ಬಸ್ಸು ಹಿಂದಕ್ಕೆ ಚಲಿಸಿತೆಂದರೆ ಸಾಕು, ಸೀಟಿನಿಂದ ಎದ್ದು ನಿಂತು "ಹಿಡಿ, ಹಿಡಿ!" ಎಂದು ಕೂಗಿಬಿಡುತ್ತೇನೆ. ಒಂದು ಸಲ ಕಂಡಕ್ಟರು ಸೀಟಿ ಬಾಯಿಂದ ತೆಗೆದು, "ಎಂತಾ ಹಿಡೂದು ಮಾರಾಯ್ರೆ? ಬಸ್ಸು ನಿಮ್ಮದಾ ನಮ್ಮದಾ?" ಎಂದು ಕೇಳಿದ. ಬಸ್ಸೆಲ್ಲ ನಕ್ಕಿತು. ಹೆಂಡತಿ ನಿರ್ಮಲಾ ಪಿತ್ತ ಇಳಿಯಲೆಂದು ದಿನವೂ ಮುರುಗಲ ಹಣ್ಣಿನ ಪಾನಕ ಮಾಡಿಕೊಡುತ್ತಾಳೆ. ಪಾನಕ ಇಳಿಯುತ್ತದೆ, ಪಿತ್ತ ಇಳಿಯುವುದಿಲ್ಲ. ಯಾಕೆ ಇಳಿಯುವುದಿಲ್ಲ ಎಂಬುದನ್ನು ನಿಮ್ಮ ಹತ್ತಿರ ಹೇಳಿಕೊಳ್ಳದಿದ್ದರೆ ನಾನು ಇನ್ನಷ್ಟು ಬಸ್ಸುಗಳಲ್ಲಿ ಕೂಗುವುದು ಖಂಡಿತ.

ನನ್ನ ಅಕ್ಕನ ಮನೆ ಶಿರವಾಡದಲ್ಲಿ. ಭಾವ ಕದ್ರಾದ ವಿದ್ಯುತ್ ಕೇಂದ್ರದಲ್ಲಿ ದುಡಿದು ನಿವೃತ್ತರಾದವರು. ಅಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ವಿಭಾಗವಿತ್ತಂತೆ. ಪಂಪು ಒಬ್ಬರ ಬಾಬತ್ತು, ಪಂಪಿಗೆ ಬರುವ ತಂತಿ ಇನ್ನೊಬ್ಬರ ಬಾಬತ್ತು, ಪಂಪು ಕೂತ ಕಟ್ಟೆ ಮೂರನೆಯವರ ಬಾಬತ್ತು. ಒಬ್ಬರ ಬಾಬತ್ತಿಗೆ ಇನ್ನೊಬ್ಬರು ಕೈಹಾಕುವಂತಿಲ್ಲ. ಅಷ್ಟು ದೊಡ್ಡ ಅಣೆಕಟ್ಟಿನ ಬುಡದಲ್ಲಿ ಅದು ಸರಿಯಾದ ಪದ್ಧತಿಯೇ. ಮೇಲೊಬ್ಬರು ಎಂಜಿನಿಯರು ಕೂತು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದರು. ಭಾವ ನಿವೃತ್ತರಾದಾಗ ಶಾಲು ಮತ್ತು ಗೋಡೆ ಗಡಿಯಾರದ ಜೊತೆಗೆ ಈ ಪದ್ಧತಿಯನ್ನೂ ಮನೆಗೆ ತಂದರು. ಎಂಜಿನಿಯರನ್ನು ತರಲಿಲ್ಲ. ಮನೆಯಲ್ಲಿ ಅಕ್ಕಿ, ಬೇಳೆ, ದೀಪದ ಬಿಲ್ಲು ಭಾವನ ಬಾಬತ್ತಾಯಿತು. ಮೊಬೈಲಿಗೆ ಹಾಕಿಸುವ ಕರೆನ್ಸಿ, ಕ್ಷೌರ, ಬಟ್ಟೆ ಮಗನ ಬಾಬತ್ತಾಯಿತು. ವಾರದ ದಿನಗಳ ಬಂಗಡೆ ಅಪ್ಪನದು, ಭಾನುವಾರದ ಇಸೋಣ ಮೀನು ಮಗನದು. ಮೈಸಾಬೂನಿನ ವಿಷಯದಲ್ಲಿ ಮಾತ್ರ ಇತ್ಯರ್ಥವಾಗದೆ, ಒಂದು ಸಾಬೂನು ವೀಳ್ಯದೆಲೆಯಷ್ಟು ತೆಳ್ಳಗಾಗಿ ಗೋಡೆಗೆ ಅಂಟಿಕೊಂಡಿದ್ದನ್ನು ನಾನೇ ಅವರ ಬಚ್ಚಲಿನಲ್ಲಿ ನೋಡಿದ್ದೇನೆ. ಹೊಸದನ್ನು ಒಡೆದವನು ಸೋತಂತೆ. ಕೊನೆಗೆ ಅಕ್ಕ ತನ್ನ ಬಟ್ಟೆ ಒಗೆಯುವ ಸಾಬೂನಿನ ಅರ್ಧ ಕತ್ತರಿಸಿ ಇಟ್ಟಳಂತೆ. ಇಬ್ಬರೂ ಅದನ್ನೇ ಮೈಗೆ ಹಚ್ಚಿಕೊಂಡು ಮೈ ತುರಿಸಿಕೊಳ್ಳುತ್ತ ತಿರುಗಾಡಿದರು. ಅಕ್ಕ ಯಾರ ಬಾಬತ್ತು ಎಂಬ ಪ್ರಶ್ನೆ ಆಗಿನ್ನೂ ಎದ್ದಿರಲಿಲ್ಲ.

ಮಗ ಎಂದೆನಲ್ಲ, ಅವನ ಹೆಸರು ಗಿರೀಶ. ಅಕ್ಕನಿಗೆ ಒಬ್ಬನೇ. ಬಿ.ಕಾಂ. ಮುಗಿಸಿ ಎಷ್ಟೋ ವರ್ಷವಾಯಿತು. ಮೂವತ್ತಕ್ಕೆ ಕೈ ಚಾಚಿದ್ದಾನೆ. "ಹುಡುಗ ಒಳ್ಳೆಯವ" ಎಂದು ಇಡೀ ಶಿರವಾಡ ಹೇಳುತ್ತದೆ. ಈ ಮಾತು ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ನಮ್ಮಲ್ಲಿ ಒಬ್ಬನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಕೆಲಸವೂ ಇಲ್ಲ ಎಂದಾದರೆ ಅವನಿಗೆ ಒಳ್ಳೆಯವ ಎಂಬ ಬಿರುದು ಕೊಡುತ್ತಾರೆ. ಗಿರೀಶ ಅಪ್ಪನ ಜೊತೆ ಜಗಳವಾಡುವಾಗಲೂ ಬಹುವಚನ ಬಿಡುವುದಿಲ್ಲ, ಅಷ್ಟು ಒಳ್ಳೆಯವ. ಊರವರೆಲ್ಲ ಕಿಸೆಗೊಂದು ಮೊಬೈಲು ಕೊಳ್ಳುತ್ತಿದ್ದ ವರ್ಷ ಅವನು ಎಸ್.ಟಿ.ಡಿ. ಬೂತ್ ತೆರೆದ. ಮನೆಮನೆಗೆ ಕೇಬಲ್ಲು ಬಂದ ಮೇಲೆ ಸಿ.ಡಿ. ಬಾಡಿಗೆಗೆ ಕೊಡುವ ಅಂಗಡಿ ಹಾಕಿದ. ಬಂದು ಹೋಗಿಯಾದ ಬಸ್ಸಿಗೆ ಕೈ ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಎರಡಕ್ಕೂ ಬಂಡವಾಳ ಭಾವನದು. ಎರಡೂ ಮುಚ್ಚಿದ ಮೇಲೆ ಭಾವ, ಇದು ಕೊನೆಯದು ಎಂದು ದೇವರ ಮುಂದೆ ಹೇಳಿ, ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಬಿಳಿ ವ್ಯಾನು ತಂದುಕೊಟ್ಟರು. "ಬಾಡಿಗೆ ಹೊಡ್ಕಂಡು ಉಣ್ಣು. ಇನ್ನು ನನ್ನ ಕಡೆ ಕೈ ಚಾಚ್ಬೇಡ" ಎಂದರು. ಗಿರೀಶ ಅವರ ಕಾಲಿಗೆ ನಮಸ್ಕರಿಸಿ ಕೀಲಿ ತೆಗೆದುಕೊಂಡ. ಅಕ್ಕ ಕಣ್ಣೊರೆಸಿಕೊಂಡಳು. ನಾನು ಪೇಡೆ ತಿಂದೆ.

ಆ ವ್ಯಾನಿನಲ್ಲಿ ಹ್ಯಾಂಡ್ ಬ್ರೇಕು ಕೆಲಸ ಮಾಡುತ್ತಿರಲಿಲ್ಲ. ಹಿಡಿಕೆಯೇನೋ ಇತ್ತು. ಎಳೆದರೆ ಕರಕರ ಎಂದು ಶಬ್ದವನ್ನೂ ಮಾಡುತ್ತಿತ್ತು. ಆದರೆ ಗಾಡಿ ಅದರ ಮಾತನ್ನು ಗಿರೀಶ ಅಪ್ಪನ ಮಾತನ್ನು ಕೇಳುವಷ್ಟೇ ಕೇಳುತ್ತಿತ್ತು. ರಿಪೇರಿ ದೊಡ್ಡದೇನಲ್ಲ, ಕೇಬಲ್ಲು ಬದಲಿಸಿದರೆ ಮುಗಿಯಿತು ಎಂದು ಗ್ಯಾರೇಜಿನವರು ಹೇಳಿದ್ದರು. ಆದರೆ ಹಾಕಿಸುವವರು ಯಾರು? ಭಾವನ ಸಿದ್ಧಾಂತ ಹೀಗಿತ್ತು: ಗಾಡಿ ತರುವುದು ಅಪ್ಪನ ಬಾಬತ್ತು, ಓಡಿಸಿದ್ದರಿಂದ ಸವೆಯುವುದೆಲ್ಲ, ಅಂದರೆ ಟೈರು, ಆಯಿಲು, ಬ್ರೇಕು, ಓಡಿಸಿದವನ ಬಾಬತ್ತು. ಗಿರೀಶನ ಸಿದ್ಧಾಂತ ಇನ್ನೂ ಸೂಕ್ಷ್ಮ: ಈ ಹ್ಯಾಂಡ್ ಬ್ರೇಕು ಸವೆದದ್ದೇ ಅಲ್ಲ, ತಂದ ದಿನವೇ ಸತ್ತಿತ್ತು, ಆದ್ದರಿಂದ ಗಾಡಿಯ ಜೊತೆಗೆ ಬಂದ ದೋಷ, ಗಾಡಿ ತಂದವರ ಬಾಬತ್ತು. ಇಷ್ಟರ ಮೇಲೆ ಅವನ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿತ್ತು. "ಗಾಡಿ ನಿಮ್ಮ ಹೆಸರಲ್ಲಿ ಅದೆ. ಬ್ರೇಕು ಮಾತ್ರ ನನ್ನ ಹೆಸರಲ್ಲಾ?" ಎನ್ನುತ್ತಿದ್ದ. ಭಾವ, "ನಿನ್ನ ಹೆಸರಿಗೆ ಮಾಡ್ರೆ ನಾಳೆ ಅದನ್ನೂ ಮಾರಿ ಮತ್ತೊಂದು ಬೂತ್ ಹಾಕ್ತೆ" ಎನ್ನುತ್ತಿದ್ದರು. ಇಬ್ಬರ ಮಾತಿನಲ್ಲಿಯೂ ಹುರುಳಿತ್ತು, ಅದೇ ಕಷ್ಟ. ಒಬ್ಬನಾದರೂ ಶುದ್ಧ ಮೂರ್ಖನಾಗಿದ್ದರೆ ವ್ಯಾಜ್ಯ ಬೇಗ ಮುಗಿಯುತ್ತಿತ್ತು. ಇದನ್ನೂ ಮಾಡಿಸಿಕೊಟ್ಟರೆ ಮಗ ಎಂದೆಂದಿಗೂ ತನ್ನ ಕಾಲ ಮೇಲೆ ನಿಲ್ಲುವುದಿಲ್ಲ ಎಂಬ ಭಯ ಅಪ್ಪನಿಗೆ. ಇದನ್ನೂ ತಾನೇ ಮಾಡಿಸಿದರೆ ಅಪ್ಪನ ಗಾಡಿಗೆ ತಾನು ಸಂಬಳವಿಲ್ಲದ ಡ್ರೈವರಾದೆ ಎಂಬ ಅಪಮಾನ ಮಗನಿಗೆ. ನಾನೂ ಹೋದಾಗಲೆಲ್ಲ ಚಹಾ ಕುಡಿಯುತ್ತ ಈ ವಾದವನ್ನು ಸ್ವಾರಸ್ಯದಿಂದ ಕೇಳಿ, ಒಮ್ಮೆ ಅತ್ತ, ಒಮ್ಮೆ ಇತ್ತ ತಲೆ ಆಡಿಸಿ ಬರುತ್ತಿದ್ದೆ.

ತೀರ್ಪು ಬರುವ ತನಕ ಗಾಡಿ ನಿಲ್ಲಬೇಕಲ್ಲ? ಅದಕ್ಕೊಂದು ಮಧ್ಯಂತರ ವ್ಯವಸ್ಥೆಯಾಯಿತು. ಹಿತ್ತಿಲಲ್ಲಿ ಬಿದ್ದಿದ್ದ, ಮನೆ ಕಟ್ಟುವ ಕೆಂಪು ಚಿರೇಕಲ್ಲಿನ ಅರ್ಧ ತುಂಡೊಂದನ್ನು ಗೋಣಿತಾಟಿನಲ್ಲಿ ಸುತ್ತಿ ವ್ಯಾನಿನೊಳಗೆ ಇಡಲಾಯಿತು. ಏರಿನಲ್ಲಿ ಗಾಡಿ ನಿಂತರೆ ಗಿರೀಶ ಕಾಲಿನಿಂದ ಬ್ರೇಕು ಒತ್ತಿ ಹಿಡಿದಿರಬೇಕು. ಅಷ್ಟರಲ್ಲಿ ಒಬ್ಬರು ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು. ಗಾಡಿ ಮುಂದೆ ಹೊರಟ ಮೇಲೆ ಆ ಕಲ್ಲನ್ನು ಎತ್ತಿಕೊಂಡು ಹಿಂದಿನಿಂದ ಓಡಬೇಕು. ಆ ಒಬ್ಬರು ಯಾರು ಎಂಬುದರ ಬಗ್ಗೆ ಶಿರವಾಡದ ಆ ಮನೆಯಲ್ಲಿ ಒಂದೇ ಒಂದು ದಿನ ಚರ್ಚೆಯಾಗಲಿಲ್ಲ. ಗಿರೀಶ ಸ್ಟೇರಿಂಗಿನಲ್ಲಿ. ಭಾವನಿಗೆ ಮಂಡಿನೋವು. ಉಳಿದವಳು ಅಕ್ಕ. ಅಕ್ಕನಿಗೂ ಮಂಡಿನೋವಿತ್ತು, ಆದರೆ ಅದು ಯಾರ ಬಾಬತ್ತಿನಲ್ಲಿಯೂ ನಮೂದಾಗಿರಲಿಲ್ಲ.

ಹೋದ ಮೇ ತಿಂಗಳಲ್ಲಿ ಅಂಕೋಲೆಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗುವಿನ ತೊಟ್ಟಿಲು ಶಾಸ್ತ್ರವಿತ್ತು. ನಿರ್ಮಲಾ ಅಡುಗೆಗೆ ಕೈಜೋಡಿಸಲು ಹಿಂದಿನ ದಿನವೇ ಹೋಗಿದ್ದಳು. ನನ್ನನ್ನು ಅಕ್ಕನ ಮನೆಯವರು ವ್ಯಾನಿನಲ್ಲಿ ಹತ್ತಿಸಿಕೊಂಡರು. ಮುಂದೆ ಗಿರೀಶ, ಅವನ ಪಕ್ಕದಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಭಾವ, ಹಿಂದಿನ ಸೀಟಿನಲ್ಲಿ ರೇಷ್ಮೆ ಸೀರೆಯ ಅಕ್ಕ ಮತ್ತು ನಾನು. ಅಕ್ಕನ ತುರುಬಿನಲ್ಲಿ ಅಬ್ಬಲಿಗೆ, ಮಡಿಲಲ್ಲಿ ಮಗುವಿನ ಅಂಗಿಯ ಪೊಟ್ಟಣ, ಕಾಲ ಬುಡದಲ್ಲಿ ಚಿರೇಕಲ್ಲು. ಕಾರವಾರ ದಾಟಿ ಬಿಣಗಾ ಘಾಟಿಗೆ ಬರುವಷ್ಟರಲ್ಲಿ ಸಾಲು ನಿಂತಿತ್ತು. ಈ ಕೆಲವು ವರ್ಷಗಳಿಂದ ನಮ್ಮ ಹೆದ್ದಾರಿ ಮನುಷ್ಯರದಲ್ಲ, ಅದಿರಿನ ಲಾರಿಗಳದು. ಬೇಲೆಕೇರಿಗೆ ಹೋಗುವವು, ಕಾರವಾರದ ಬಂದರಿನಲ್ಲಿ ಸುರಿದು ಬರುವವು, ನಡುವೆ ಕೆಟ್ಟು ನಿಂತವು. ಮರದ ಎಲೆಯಿಂದ ಹಿಡಿದು ಒಣಹಾಕಿದ ಲುಂಗಿಯ ತನಕ ಎಲ್ಲವೂ ಕೆಂಪು. ಮೇಲಿನ ತಿರುವಿನಲ್ಲಿ ಒಂದು ಲಾರಿ ಕೆಟ್ಟು ನಿಂತಿದೆಯೆಂದೂ ಒಂದೊಂದೇ ಗಾಡಿ ಬಿಡುತ್ತಿದ್ದಾರೆಂದೂ ಮುಂದಿನವರು ಹೇಳಿದರು.

ಅಕ್ಕ ಇಳಿದಳು. ಕಲ್ಲು ಕೊಟ್ಟಳು. ಸಾಲು ನಾಲ್ಕು ಮಾರು ಮುಂದೆ ಸರಿಯಿತು. ಅಕ್ಕ ಕಲ್ಲು ಎತ್ತಿಕೊಂಡು ಹಿಂದಿನಿಂದ ಬಂದಳು. ಮತ್ತೆ ನಿಂತಿತು. ಮತ್ತೆ ಕೊಟ್ಟಳು. ಹೀಗೆ ನಾವು ಮೂವರು ಗಂಡಸರು ವಾಹನದಲ್ಲಿಯೂ ಅಕ್ಕ ನಡೆದುಕೊಂಡೂ ಘಾಟಿ ಹತ್ತುತ್ತಿದ್ದೆವು. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆಗೆ ಕಲ್ಲು ಅವಚಿಕೊಂಡ ಹೆಂಗಸನ್ನು ನೋಡಿ ಎದುರಿನ ಬಸ್ಸಿನವರು ಯಾವುದೋ ಹರಕೆಯೆಂದುಕೊಂಡಿರಬೇಕು. ಒಬ್ಬಳು ಅಜ್ಜಿ ಕಿಟಕಿಯಿಂದಲೇ ಕೈ ಮುಗಿದಳು. ನಮ್ಮ ಬೆನ್ನಿಗೆ, ಬಂದರಿನಿಂದ ಖಾಲಿಯಾಗಿ ಮರಳುತ್ತಿದ್ದ ಒಂದು ದೊಡ್ಡ ಅದಿರು ಲಾರಿ ಮೂಗು ತಾಗಿಸುವಷ್ಟು ಹತ್ತಿರ ನಿಂತಿತ್ತು. ಅಕ್ಕನ ಓಡಾಟವೆಲ್ಲ ಆ ಲಾರಿಯ ಬಂಪರಿಗೂ ನಮ್ಮ ವ್ಯಾನಿಗೂ ನಡುವೆ ಇದ್ದ ಓಣಿಯಲ್ಲಿ.

ಒಳಗೆ ವಾದ ಕಳೆಗಟ್ಟಿತ್ತು. "ಆಯಿಗೆ ಎಷ್ಟು ತ್ರಾಸು ನೋಡಿ. ಒಂದು ಕೇಬಲ್ ಹಾಕ್ಸಿ ಕೊಡೂಕೆ ನಿಮ್ಮ ಕೈಲಿ ಆಗೂದಿಲ್ಲಲ್ಲ ಅಪ್ಪಾ" ಎಂದ ಗಿರೀಶ.

"ಆಯಿ ಮೇಲೆ ಅಷ್ಟು ಪ್ರೀತಿ ಇದ್ರೆ ನೀನೇ ಹಾಕ್ಸು. ಬೇಡ ಅಂದವ್ರು ಯಾರು?" ಎಂದರು ಭಾವ.

"ಗಾಡಿ ನನ್ನ ಹೆಸರಿಗೆ ಮಾಡಿ, ನಾಳೆನೇ ಹಾಕ್ತೆ."

"ನಿನ್ನ ವಯಸ್ಸಲ್ಲಿ ನಾ ಸಂಸಾರ ಸಾಕ್ತಾ ಇದ್ದೆ, ಗೊತ್ತದಾ? ನಮ್ಮಪ್ಪ ನನಗೆ ಒಂದು ಸೈಕಲ್ಲಾದ್ರೂ ಕೊಡ್ಸಿದ್ನಾ?"

"ನಾ ಎಂತಾ ಸೈಕಲ್ ಕೇಳಿದ್ನಾ ನಿಮ್ಮ ಹತ್ರ? ವ್ಯಾನು ತಕಂಬಂದವ್ರು ನೀವು!"

ಈ ಕೊನೆಯ ಮಾತನ್ನು ಗಿರೀಶ ಅಪ್ಪನ ಮುಖಕ್ಕೆ ಮುಖ ಕೊಟ್ಟು ಹೇಳಿದ. ಮನುಷ್ಯನಿಗೆ ಪೂರ್ತಿ ಸಿಟ್ಟು ಬಂದಾಗ ಕುತ್ತಿಗೆಯಷ್ಟೇ ತಿರುಗುವುದಿಲ್ಲ, ಸೊಂಟ ತಿರುಗುತ್ತದೆ, ಸೊಂಟದ ಹಿಂದೆ ಕಾಲೂ ಬರುತ್ತದೆ. ಅವನ ಕಾಲು ಬ್ರೇಕಿನ ಮೇಲಿಂದ ಬಂತು. ಅಕ್ಕ ಇನ್ನೂ ಕಲ್ಲು ಕೊಟ್ಟಿರಲಿಲ್ಲ. ವ್ಯಾನು ಹಿಂದಕ್ಕೆ ಹೊರಟಿತು.

ನಾನು ಹಿಂದಿನ ಗಾಜಿನಿಂದ ನೋಡುತ್ತಿದ್ದೆ. ಜೋರಾಗಿ ಹೋಗಲಿಲ್ಲ, ಅದೇ ಭಯಂಕರ. ಊಟ ಮುಗಿಸಿ ಏಳುವ ಮುದುಕನಂತೆ ನಿಧಾನವಾಗಿ, ಅವಸರವೇ ಇಲ್ಲದೆ ಹೊರಟಿತು. ಇಳಿಜಾರಿನಲ್ಲಿಟ್ಟ ವಸ್ತುವಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬ ಲೆಕ್ಕವನ್ನು ನಾನು ಕಾಲೇಜಿನಲ್ಲಿ ಎಷ್ಟು ಸಲ ಬಿಡಿಸಿದ್ದೇನೋ. ಆ ಲೆಕ್ಕದ ಚಿತ್ರದಲ್ಲಿ ಇಳಿಜಾರು ಇರುತ್ತದೆ, ವಸ್ತು ಇರುತ್ತದೆ, ಬಾಣದ ಗುರುತು ಇರುತ್ತದೆ. ವಸ್ತುವಿನ ಹಿಂದೆ ಯಾರ ಅಕ್ಕನೂ ನಿಂತಿರುವುದಿಲ್ಲ. ಅಕ್ಕ ಕಲ್ಲು ಕೈಬಿಟ್ಟಳು. ಅದು ಉರುಳಿ ಗಟಾರಕ್ಕೆ ಹೋಯಿತು. ಅವಳು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದಳು, ಮೂವರು ಗಂಡಸರು ಕೂತ ಗಾಡಿಯನ್ನು ಕೈಯಿಂದಲೇ ನಿಲ್ಲಿಸುವವಳಂತೆ. ಅವಳ ಮುಖ ಗಾಜಿನ ಆಚೆ, ನನ್ನ ಮುಖ ಈಚೆ, ನಡುವೆ ಒಂದು ಗೇಣೂ ಇಲ್ಲ. ಬಾಯಿ ಏನೋ ಹೇಳುತ್ತಿತ್ತು. ಅವಳ ಬೆನ್ನ ಹಿಂದೆ ಲಾರಿಯ ಬಂಪರು, ಅದರ ಮೇಲೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ. ನಾನು "ಹಿಡೀ!" ಎಂದು ಕೂಗಿದೆನಂತೆ. ನನಗೆ ಗೊತ್ತಿಲ್ಲ. ಲಾರಿಯವನು ಹಾರ್ನ್ ಒತ್ತಿ ಬಿಡಲೇ ಇಲ್ಲ; ಆ ಶಬ್ದ ಈಗಲೂ ಕಚೇರಿಯಲ್ಲಿ ಫೈಲು ತೆರೆದರೆ ಅದರೊಳಗಿಂದ ಬರುತ್ತದೆ. ಗಿರೀಶನ ಕಾಲು ಬ್ರೇಕು ಹುಡುಕಿಕೊಂಡಿತು. ವ್ಯಾನು ನಿಂತಿತು. ಅಕ್ಕನ ಬೆನ್ನಿಗೂ ಬಂಪರಿಗೂ ನಡುವೆ ಆ ನಿಂಬೆಹಣ್ಣಿಗಷ್ಟೇ ಜಾಗ ಉಳಿದಿತ್ತು.

ಲಾರಿಯ ಚಾಲಕ ಹಾರಿ ಇಳಿದು ಬಂದ. ಹೊಸಪೇಟೆ ಕಡೆಯವನು. ಅಕ್ಕನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದು ನಿಲ್ಲಿಸಿ, ಗಿರೀಶನ ಕಿಟಕಿಗೆ ಬಂದು, "ಏ ಹುಚ್ಚಾ! ಹಡದ ತಾಯಿನ್ನ ನನ್ನ ಬಂಪರಿಗಿಟ್ಟು ಅರಿಯಾಕ ಹತ್ತೀಯೇನಲೇ? ಬ್ರೇಕ್ ಇಲ್ಲದ ಗಾಡಿ ರೋಡಿಗೆ ಯಾಕ ತಂದೀ?" ಎಂದು ಕೂಗಿದ.

ಭಾವ ಆ ಕಡೆಯ ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದರು: "ಅದನ್ನೇ ನಾನೂ ಕೇಳ್ತಾ ಇದ್ದೆ."

ಓದುಗರೇ, ನನ್ನ ಸಿಟ್ಟಿನ ಜನ್ಮಸ್ಥಾನ ಇದು. ಗಿರೀಶನ ಮುಖ ಸುಣ್ಣವಾಗಿತ್ತು, ನಿಜ. ಭಾವನ ದನಿಯೂ ಒಡೆದಿತ್ತು. ಆದರೆ ಹೆಂಡತಿ ಬದುಕಿದ್ದಾಳೆಂದು ಖಚಿತವಾದ ಮರುಕ್ಷಣ ಅವರ ಬಾಯಿಂದ ಬಂದ ಮೊದಲ ಮಾತು ಆ ವ್ಯಾಜ್ಯದ್ದೇ ಆಗಿತ್ತು, ಮತ್ತು ಮಗ ಅದಕ್ಕೆ, "ನೀವು ಮೊದ್ಲೇ ಹಾಕ್ಸಿದ್ರೆ ಇದು ಆಗ್ತಿತ್ತಾ?" ಎಂದು ಉತ್ತರ ಕೊಟ್ಟ. ಅಕ್ಕ ಒಳಗೆ ಬಂದು ಕೂತು, ಮುಡಿಯಿಂದ ಜಾರಿದ ಅಬ್ಬಲಿಗೆಯನ್ನು ಸರಿಮಾಡಿಕೊಂಡು, "ನೆಡಿ, ತೊಟ್ಟಿಲು ಹಾಕೂ ಹೊತ್ತಾಯ್ತು. ಅಲ್ಲಿ ಕಾಯ್ತಿರ್ತ್ರು" ಎಂದಳು. ನಾನು ಬಾಯಿಗೆ ಬಂದಂತೆ ಬೈದೆ. ನನಗೆ ಬರುತ್ತದೆಂದು ನನಗೇ ಗೊತ್ತಿಲ್ಲದ ಬೈಗುಳಗಳು ಬಂದವು. ಕೆಲವು ಕೊಂಕಣಿಯವೂ ಇದ್ದವು. ಗಾಜಿನ ಆಚೆ ಏನು ಹೇಳುತ್ತಿದ್ದೆ ಎಂದು ಅಕ್ಕನನ್ನು ಕೇಳಿದೆ. "ಎಂತದೂ ಇಲ್ಲ ತಮ್ಮಾ. ಗಿರೀಶಂಗೆ ಹೆದರ್ಬೇಡ ಅಂದೆ" ಎಂದಳು.

ಅಂಕೋಲೆಯಲ್ಲಿ ಊಟದ ಪಂಕ್ತಿಯೇ ನ್ಯಾಯಾಲಯವಾಯಿತು. ನಾನು ಪಾಯಸ ಬಡಿಸುವವರೆಗೂ ತಡೆಯದೆ, ತೊವ್ವೆಗೇ ವಿಷಯ ಎತ್ತಿದೆ. ಬೆಳೆದ ಮಗನನ್ನು ಅಪ್ಪ ಎಲ್ಲಿಯವರೆಗೆ ಸಾಕಬೇಕು, ಹೇಳಿ ಎಂದು ಸವಾಲು ಹಾಕಿದೆ. ಎಲೆಯ ಮುಂದಿನವರೆಲ್ಲ ಹುರುಪಿನಿಂದ ಎರಡು ಪಕ್ಷವಾದರು. ಕಲಿಸುವವರೆಗೆ ಎಂದರು ಕೆಲವರು. ಕೆಲಸ ಸಿಗುವವರೆಗೆ ಎಂದರು ಇನ್ನು ಕೆಲವರು. ಸುಡುಗಾಡಿನವರೆಗೆ ಎಂದ ಒಬ್ಬ, ಮಕ್ಕಳಿಲ್ಲದವನು. ಚಿಕ್ಕಪ್ಪ ಮಜ್ಜಿಗೆ ಸುರಿದುಕೊಂಡು ಅಂತಿಮ ತೀರ್ಪು ಕೊಟ್ಟರು: "ಮದಿ ಮಾಡ್ಬಿಡ್ರೋ ಅವಂಗೆ. ಹೆಂಡ್ತಿ ಬಂದ್ರೆ ಎಲ್ಲಾ ಬ್ರೇಕೂ ತನ್ನಷ್ಟಕ್ಕೇ ಬೀಳ್ತದೆ!" ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಭಾವ ನಕ್ಕರು, ಗಿರೀಶ ನಾಚಿಕೊಂಡ. ಅಂದರೆ ಕಲ್ಲು ಹಿಡಿದು ಓಡಲು ಇನ್ನೊಬ್ಬಳನ್ನು, ಸ್ವಲ್ಪ ಎಳೆ ವಯಸ್ಸಿನವಳನ್ನು, ತರುವ ಯೋಜನೆ. ನಾನು ಎಲೆ ಬಿಟ್ಟು ಎದ್ದೆ. ಮಾವಿನ ಸೀಕರಣೆ ಬರುವುದಿತ್ತು ಎಂದು ಆಮೇಲೆ ತಿಳಿಯಿತು. ನನ್ನ ಎಲೆಯನ್ನು ಬಿಟ್ಟರೆ ಯಾರ ಎಲೆಯಲ್ಲಿಯೂ ಏನೂ ಉಳಿಯಲಿಲ್ಲ.

ಸಂಜೆ ನಾನೂ ನಿರ್ಮಲೆಯೂ ಬಸ್ಸಿನಲ್ಲಿ ಮರಳಿದೆವು. ಅಕ್ಕ ವ್ಯಾನಿನಲ್ಲಿ ಹೋದಳು; ಅಂಕೋಲೆಯಲ್ಲಿ ಅವರಿಗೆ ಹೊಸ ಕಲ್ಲು ಸಿಕ್ಕಿತ್ತು. ದಾರಿಯುದ್ದಕ್ಕೂ ನಿರ್ಮಲಾ ಒಂದೇ ಮಾತು: "ನಾಳೆ ಹೋಗಿ ಆ ಕೇಬಲ್ ನೀವೇ ಹಾಕ್ಸಿ ಬಿಡಿ. ನಿಮ್ಮ ಅಕ್ಕ ಅಲ್ದಾ?" ನಾನು ಒಪ್ಪಲಿಲ್ಲ. ಮೂರನೆಯವನು ನಡುವೆ ಬಂದು ಮಾಡಿಸಿದರೆ ಅಪ್ಪನೂ ಕಲಿಯುವುದಿಲ್ಲ, ಮಗನೂ ಕಲಿಯುವುದಿಲ್ಲ, ಇದು ತತ್ವದ ಪ್ರಶ್ನೆ ಎಂದು ವಿವರಿಸಿದೆ. "ತತ್ವ ಕೊಟ್ರೆ ಚಕ್ರ ನಿಲ್ತದಾ?" ಎಂದಳು. ಹೆಂಗಸರಿಗೆ ತತ್ವದ ಮಾತು ಹಿಡಿಸುವುದಿಲ್ಲ. ನಾನು ಆ ವ್ಯಾನಿಗೆ ಇನ್ನು ಕಾಲಿಡುವುದಿಲ್ಲ ಎಂದು ಶಪಥ ಮಾಡಿದೆ. ಅದನ್ನು ಮಾತ್ರ ಚೆನ್ನಾಗಿ ಪಾಲಿಸಿದ್ದೇನೆ. ಮನೆಯಲ್ಲಿ ಕೂತು ಸಿಟ್ಟು ಮಾಡುತ್ತಿದ್ದೆ. ಬೆಳಿಗ್ಗೆ ಸ್ನಾನಕ್ಕೆ ಮೊದಲು ಭಾವನ ಮೇಲೆ, ಸ್ನಾನದ ನಂತರ ಗಿರೀಶನ ಮೇಲೆ. ಫೋನು ಬಂದರೆ ಓಡಿ ಹೋಗಿ ಎತ್ತುತ್ತಿದ್ದೆ, ಅಕ್ಕ ಮತ್ತೆ ಯಾವುದಾದರೂ ಏರಿನಲ್ಲಿ ಇಳಿದಳೇನೋ ಎಂದು. ಆದರೆ ತತ್ವ ಸಡಿಲಿಸಲಿಲ್ಲ.

ಮಳೆ ಹಿಡಿಯುವ ಮೊದಲು ಒಂದು ದಿನ ಅಕ್ಕನದೇ ಫೋನು ಬಂತು. ದನಿಯಲ್ಲಿ ನಗುವಿತ್ತು. ಕದ್ರಾದಲ್ಲಿ ಭಾವನ ಹಳೆಯ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಇತ್ತಂತೆ, ಮೂವರೂ ಹೊರಟಿದ್ದರಂತೆ. ಏರಿನಲ್ಲಿ ದನಗಳು ಅಡ್ಡ ಬಂದು ಗಾಡಿ ನಿಂತಿತು. ರೂಢಿಯಂತೆ ಭಾವ ಹಿಂದೆ ತಿರುಗಿ, "ಇಳಿ" ಎಂದರು. ಅಕ್ಕ ಇಳಿಯಲಿಲ್ಲ.

"ಆಯಿ, ಬೇಗ ಇಳಿ. ಕಾಲು ಸೋಲ್ತದೆ ನನಗೆ" ಎಂದ ಗಿರೀಶ.

"ನಾ ಯಾರ ಬಾಬತ್ತು? ಮೊದ್ಲು ಅದನ್ನ ಹೇಳಿ. ಆಮೇಲೆ ಇಳೀತೆ" ಎಂದಳಂತೆ ಅಕ್ಕ.

ಹಿಂದಿನ ಗಾಡಿಗಳು ಹಾರ್ನ್ ಹೊಡೆಯತೊಡಗಿದವು. ಗಿರೀಶನ ಕಾಲು ಮರಗಟ್ಟುತ್ತ ಬಂತು. ಕೊನೆಗೆ ಭಾವ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಇಳಿದರು. ಕಲ್ಲು ಕೊಟ್ಟರು. ಗಾಡಿ ಹೊರಟಿತು. ಏರಿನಲ್ಲಿ ಮತ್ತೆ ನಿಲ್ಲಿಸುವಂತಿಲ್ಲವಾದ್ದರಿಂದ ಗಿರೀಶ ತುದಿಗೆ ಹೋಗಿಯೇ ನಿಲ್ಲಿಸಿದ. ಭಾವ ಕಲ್ಲು ಅವಚಿಕೊಂಡು, ಮಂಡಿ ಹಿಡಿದುಕೊಂಡು, ಹಿಂದಿನಿಂದ ಬಂದರು. ಅಂಗಿಯ ಎದೆಯ ಮೇಲೆ ಚಿರೇಕಲ್ಲಿನ ಕೆಂಪು ಚಿತ್ತಾರ. ದಾರಿಯಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದ ಇಬ್ಬರು ಮೋಟರ್ ಸೈಕಲ್ಲಿನವರು ನಿಂತು, "ಎಂತಾ ಸರ್, ಮನೆ ಕಟ್ಟಿಸ್ತಾ ಇದ್ದೀರಾ?" ಎಂದು ಕೇಳಿದರಂತೆ. ಮಾರನೆಯ ಬೆಳಿಗ್ಗೆ ಭಾವ ತಾವೇ ಮಗನನ್ನು ಎಬ್ಬಿಸಿ ಗ್ಯಾರೇಜಿಗೆ ಕರೆದುಕೊಂಡು ಹೋದರು. ದುಡ್ಡು ಕೊಡುವಾಗ ಗ್ಯಾರೇಜಿನವರೆಲ್ಲರ ಎದುರಿಗೆ, "ಇದು ಅಪ್ಪನಾಗಿ ಕೊಡೂದಲ್ಲ, ತಿಳೀತಾ? ಪ್ಯಾಸೆಂಜರಾಗಿ ಕೊಡೂದು" ಎಂದರಂತೆ. ಗಿರೀಶ, "ಪ್ಯಾಸೆಂಜರಾಗಿ ಆದ್ರೆ ಅಡ್ಡಿಲ್ಲ" ಎಂದು ಒಪ್ಪಿಕೊಂಡನಂತೆ. ಇಬ್ಬರ ಸಿದ್ಧಾಂತಕ್ಕೂ ಗೀರು ಬೀಳಲಿಲ್ಲ. ಗಾಡಿ ಈಗ ಎಲ್ಲಿ ಬೇಕಾದರೂ ನಿಲ್ಲುತ್ತದೆ.

ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. "ನಾನು ಹೇಳಿರ್ಲಿಲ್ಲವಾ ಅಕ್ಕಾ?" ಎಂದು ಫೋನಿನಲ್ಲೇ ಭಾಷಣ ಆರಂಭಿಸಿದೆ. "ಒಂದು ಸಲ ಸ್ವತಃ ಇಳಿದು ನೋಡಿದ್ರೆ ತಾನೇ ಗೊತ್ತಾಗೋದು? ನಿನ್ನನ್ನ ಇಳಿಸಿ ತಾವು ಗಟ್ಟಿ ಕೂತ್ಕೊಂಡಿದ್ರಲ್ಲ ಇಬ್ಬರೂ! ಸ್ವಲ್ಪವಾದ್ರೂ ನಾಚಿಕೆ ಬೇಡವಾ?" ಎಂದೆ. ಎಷ್ಟು ಹೊತ್ತು ಹೇಳಿದೆನೋ. ಅಕ್ಕ ಹೂಂಗುಟ್ಟುತ್ತಿದ್ದಳು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, ಆಕ್ಷೇಪವೇನೂ ಇಲ್ಲದ ದನಿಯಲ್ಲಿ, ಬಿಟ್ಟ ಒಂದು ಸಣ್ಣ ವಿವರ ಕೇಳುವವಳಂತೆ ಕೇಳಿದಳು: "ಹೌದಾ ತಮ್ಮಾ, ಆವತ್ತು ಘಾಟಿಯಲ್ಲಿ ನೀ ಯಂತಕ್ಕೆ ಇಳೀಲಿಲ್ಲ?"

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ. ಆಮೇಲೆ ಕಾರಣ ಹೊಳೆಯಿತು. ಎಷ್ಟು ಸರಳವಾದ ಕಾರಣ! "ನಿನ್ನ ಕಡೆ ಬಾಗಿಲಿನಿಂದ ನೀ ಇಳೀತಿದ್ದೆ. ನನ್ನ ಕಡೆಯದು ತೆರೀತಿರ್ಲಿಲ್ಲವಲ್ಲ ಅಕ್ಕಾ, ಕೆಟ್ಟಿತ್ತಲ್ಲ" ಎಂದೆ.

"ಇಲ್ಲಪ್ಪ! ಯಾರು ಹೇಳ್ದ್ರು ನಿನಗೆ? ಆ ಬಾಗಿಲು ಸಮಾ ತೆರೀತದೆ" ಎಂದು ಅಕ್ಕ ನಕ್ಕಳು. ಒಲೆಯ ಮೇಲೆ ಹಾಲಿದೆಯೆಂದು ಫೋನು ಇಟ್ಟಳು.

ನಿರ್ಮಲಾ ಪಾನಕದ ಲೋಟ ತಂದು ಮುಂದೆ ಇಟ್ಟಳು. ನಾನು ಮುಟ್ಟಲಿಲ್ಲ. ಆ ಬಾಗಿಲು ಕೆಟ್ಟಿದೆಯೆಂದು ನನಗೆ ಯಾರೂ ಹೇಳಿರಲಿಲ್ಲ. ಆ ವ್ಯಾನಿನಲ್ಲಿ ಎಲ್ಲವೂ ಕೆಟ್ಟಿರುತ್ತದೆಂದು ನಾನೇ ತೀರ್ಮಾನಿಸಿ, ಅಷ್ಟು ಹೊತ್ತು ಅದಕ್ಕೆ ಮೊಣಕೈ ಆನಿಸಿಕೊಂಡು ಸುಖವಾಗಿ ಕೂತಿದ್ದೆ. ಆ ಗಾಡಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತಿದ್ದ ಒಂದು ಹಿಡಿಕೆ ನನ್ನ ಕೈಯ ಪಕ್ಕದಲ್ಲೇ ಇತ್ತು.